ಟೇಪು ಎಂದು ಹೆಸರಿಟ್ಟವನು ನಾನೇ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅವನಿಗೆ ‘ಟೇಪು’ ಎಂದು ಹೆಸರಿಟ್ಟವನು ನಾನೇ. ಆಗ ನನಗೆ ಇಪ್ಪತ್ತೆರಡು. ಬುದ್ಧಿ ಅದರ ಅರ್ಧದಷ್ಟೂ ಇರಲಿಲ್ಲ. ರಾಣೇಬೆನ್ನೂರಿನಿಂದ ದಿನಾ ಬಸ್ಸು ಹಿಡಿದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಮಾಲಿನ ರಾಶಿಗಳಿಗೆ ರೈತರ ಹೆಸರಿನ ಚೀಟಿ ಬರೆಯುವುದು ನನ್ನ ಕೆಲಸ. ಆದರೆ ಪೇಟೆಯಲ್ಲಿ ನಾನು ಹೆಸರಾದದ್ದು ಚೀಟಿಯಿಂದಲ್ಲ, ಗಂಟಲಿನಿಂದ. ಅಂಗಡಿಯ ಯಜಮಾನರಾದ ಸಾವ್ಕಾರರ ಕೆಮ್ಮು, ಗುತ್ತಲ ಬಸ್ಸಿನ ಕಂಡಕ್ಟರನ ಕೂಗು, ಸೀನುತ್ತಲೇ ಕಾಯಿ ಮುರಿದು ನೋಡುವ ಖರೀದಿದಾರ, ಎಲ್ಲ ಮಾಡಿ ತೋರಿಸುತ್ತಿದ್ದೆ. ನನ್ನದೇ ಮೂಗಿನ ಮಾತನ್ನೂ ಬಿಟ್ಟವನಲ್ಲ.

ನಾನು ಹೆಸರಿಟ್ಟವನೂ ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದ, ನನಗಿಂತ ನಾಲ್ಕು ವರ್ಷ ದೊಡ್ಡವನು. ನಾನು ಬರೆದ ಚೀಟಿಯನ್ನು ಆಯಾ ರಾಶಿಗೆ ಸಿಗಿಸುವುದು ಅವನ ಕೆಲಸ. ಏನು ಹೇಳಿದರೂ ಒಮ್ಮೆ ತಿರುಗಿ ಹೇಳಿ, ಆಮೇಲೆ ಮಾಡುವುದು ಅವನ ರೀತಿ. “ಕುಪ್ಪೇಲೂರ ಅಜ್ಜಾರ್ದು, ಹದಿನಾಕು ಚೀಲ” ಎಂದರೆ, “ಕುಪ್ಪೇಲೂರ ಅಜ್ಜಾರ್ದು, ಹದಿನಾಕು ಚೀಲ” ಎಂದು ಅದೇ ಧಾಟಿಯಲ್ಲಿ ಅಂದು, ನೆಟ್ಟಗೆ ನಡೆದು ಹೋಗಿ ಸಿಗಿಸಿ ಬರುತ್ತಿದ್ದ. ಸೋಮವಾರ, ಗುರುವಾರ ಪೇಟೆ ಸೇರಿದಾಗ ಖರೀದಿದಾರರು ರಾಶಿ ನೋಡಿ, ದರ ಬರೆದು ಪೆಟ್ಟಿಗೆಗೆ ಹಾಕುವ ಪದ್ಧತಿ ನಮ್ಮದು. ಚೀಟಿ ಅದಲುಬದಲಾದರೆ ಒಬ್ಬರ ಮಾಲು ಇನ್ನೊಬ್ಬರ ಹೆಸರಲ್ಲಿ ಮಾರಿಹೋಗುತ್ತದೆ. ಅವನ ಕೈಯಲ್ಲಿ ಒಮ್ಮೆಯೂ ಹಾಗಾಗಲಿಲ್ಲ. ಪವಾಡವೇನಲ್ಲ, ಕೆಲಸ, ಅಷ್ಟೇ. ಬರೆಯುವಾಗ ನನ್ನ ಕೈಯಲ್ಲಿ ಎರಡು ಸಲ ಆಗಿತ್ತು; ಯಾರೂ ನನಗೆ ಹೆಸರಿಡಲಿಲ್ಲ.

ಒಂದು ಸೋಮವಾರ ಚಹಾದ ಹೊತ್ತಿಗೆ ಖರೀದಿದಾರರ ಮುಂದೆ ಅವನ ಹಾಗೆ ಕತ್ತು ಓರೆ ಮಾಡಿ, ಬೆರಳು ಆಡಿಸಿ, ಅವರ ಮಾತನ್ನೇ ಅವರಿಗೆ ತಿರುಗಿ ಹೇಳಿದೆ. “ಇವ ನಮ್ಮ ಟೇಪು ನೋಡ್ರಿ, ತುಂಬಿದ್ದನ್ನ ತಿರುಗಿ ಹಾಡತೈತಿ” ಅಂದೆ. ಚಹಾ ಚೆಲ್ಲುವಷ್ಟು ನಕ್ಕರು. ಆ ನಗು ನನಗೆ ಎಷ್ಟು ರುಚಿಸಿತ್ತೆಂದು ನೆನೆದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಹದಿನೈದು ದಿನದಲ್ಲಿ ಅವನ ನಿಜ ಹೆಸರು ಯಾರಿಗೂ ಬೇಡವಾಯಿತು. “ಏ ಟೇಪು, ಹಾಡಲೇ!” ಎಂದು ಕಂಡಕಂಡವರೆಲ್ಲ ಕೆಣಕುವವರೇ. ಹೊಸ ಮೊಬೈಲು ಹಿಡಿದು ಮೆರೆಯುತ್ತಿದ್ದ ಒಬ್ಬ ಖರೀದಿದಾರ ಒಂದು ಗುರುವಾರ ಅವನ ಕಿವಿಯ ಹತ್ತಿರ ಬಗ್ಗಿ “ಸಾವ್ಕಾರ ಕಳ್ಳ” ಅಂದ. ಅವನು ತಿರುಗಿ ಹೇಳಿದ. ಸಾವ್ಕಾರರು ಹಿಂದೆಯೇ ನಿಂತಿದ್ದರು.

ಬೈಸಿಕೊಂಡವನು ಯಾರು? ಹೇಳಿಸಿದವನಂತೂ ಅಲ್ಲ.

ಮುಂದಿನ ಸೋಮವಾರ ಅವನ ಅಕ್ಕ ಗುತ್ತಲದಿಂದ ಬಂದರು. ಹಾವೇರಿಯ ಡಾಕ್ಟರು ಬರೆದುಕೊಟ್ಟ ಕಾಗದವನ್ನು ಸಾವ್ಕಾರರ ಮುಂದೆ ಹಿಡಿದರು. “ತಮ್ಮ ಹಿಂಗ ಇರೂದಕ್ಕ ಆಟಿಸಂ ಅಂತಾರಂತ್ರಿ. ಹುಟ್ಟಿದಾಗಿಂದ ಇರತೈತಂತ. ಹುಚ್ಚಲ್ರಿ, ರೋಗಾನೂ ಅಲ್ರಿ. ನೀವೊಂದು ಮಾತು ತಿಳಿಸಿ ಹೇಳಿದ್ರ ಮಂದಿ ಕೆಣಕೂದು ಬಿಡ್ತಾರ.” ಆ ಕಾಗದ ತಮ್ಮನನ್ನು ಕಾಯುತ್ತದೆ ಎಂದು ನಂಬಿ ಬಂದಿದ್ದರು, ಪಾಪ.

ಸಾವ್ಕಾರರು ಅದನ್ನು ತುದಿಬೆರಳಲ್ಲಿ ಹಿಡಿದರು, ಕೊಳೆತ ಮೆಣಸಿನಕಾಯಿ ಹಿಡಿದ ಹಾಗೆ. “ಈ ರೋಗ ಮಂದಿಗೆ ಹತ್ತೂದಿಲ್ಲಲ್ಲ? ತಿನ್ನೂ ಮಾಲು ಐತಿ ನಮ್ಮದು. ದೇವರಂಥಾವ ಅದಾನ, ಮನ್ಯಾಗ ಆರಾಮ ಇರ್ಲಿ ಬಿಡವ್ವಾ. ಗುರುವಾರದಿಂದ ಕಳಸಬ್ಯಾಡ.”

ನನಗೆ ಮೈಯೆಲ್ಲ ಉರಿದುಹೋಯಿತು. ಬೆಳಗಿನವರೆಗೆ ಚೀಟಿ ಸಿಗಿಸುತ್ತಿದ್ದವನು ಒಂದು ಶಬ್ದ ಕಿವಿಗೆ ಬಿದ್ದದ್ದೇ ತಡ ರೋಗಿಯಾದ. ಹಾಗನ್ನಲು ನಾಲಿಗೆ ನಾಚಿದಾಗ ದೇವರಾದ. ದೇವರನ್ನು ಕೆಲಸದಿಂದ ಬಿಡಿಸುವುದು ಎಷ್ಟು ಸಲೀಸು! ಟೇಪು, ರೋಗಿ, ದೇವರು, ಎಲ್ಲ ಬಂತು. ಕೆಲಸಗಾರ ಅನ್ನುವ ಶಬ್ದವೊಂದು ಮಾತ್ರ ಯಾರ ಬಾಯಿಗೂ ಬರಲಿಲ್ಲ.

ಅವನು ಅಲ್ಲೇ ನಿಂತಿದ್ದ. “ಗುರುವಾರದಿಂದ ಕಳಸಬ್ಯಾಡ,” ಎಂದು ಸಾವ್ಕಾರರ ಧಾಟಿಯಲ್ಲೇ ಮೆಲ್ಲಗೆ ಅಂದ. ಅಂದು, ಕೈಯಲ್ಲಿ ಉಳಿದಿದ್ದ ಚೀಟಿಗಳನ್ನು ನನ್ನ ಮೇಜಿನ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ಟ.

ಆ ಚೀಟಿಗಳ ಮೇಲೆ ನನ್ನ ಪೆನ್ನನ್ನೂ ಕುಕ್ಕಿದೆ. “ಆ ಹೆಸರು ಇಟ್ಟಾವ ನಾನ ರೀ! ಮಂದೀಗೆ ಕೆಣಕೂದು ಕಲಿಸಿದಾವ ನಾನ. ಬಿಡಸೂದಾದ್ರ ನನ್ನ ಬಿಡಸ್ರಿ!” ಎಂದು ಚೀರಿದೆ. ಅಂಥ ಸಿಟ್ಟಿನಲ್ಲೂ ದನಿ ಸಾವ್ಕಾರರದೇ ಹೊರಟಿತು, ಹಾಳು ಚಟ.

ಅವರು ನಕ್ಕೇಬಿಟ್ಟರು. “ಸುಮ್ಕಿರೋ ತಮ್ಮಾ. ನಿಂದು ಕಲಾ. ನಿನ್ನ ಮಾತು ಕೇಳಾಕಂತನ ನಾಕು ಮಂದಿ ನಮ್ಮ ಅಂಗಡಿ ಮೆಟ್ಟಲಾ ಹತ್ತತಾರ.”

ಗುರುವಾರ ಅವನು ಎಂದಿನಂತೆ ಕೆಲಸಕ್ಕೆ ಬಂದ. ಆಮೇಲೂ ವರ್ಷಗಟ್ಟಲೆ ಬಂದ. ನನ್ನ ಚೀರಾಟದಿಂದ ಆದದ್ದಲ್ಲ ಅದು. ಸಾವ್ಕಾರರ ನಗು ಮುಗಿಯುವ ಮೊದಲೇ ಅಕ್ಕ ಅವರ ಕೈಯಿಂದ ಕಾಗದ ತೆಗೆದುಕೊಂಡು, ಮಡಚುತ್ತ ಅಂದಿದ್ದರು:

“ನಿಮ್ಮ ಈ ಹುಡುಗ ಮಂದಿ ಮಾತು ತಿರುಗಿ ಆಡಿದ್ರ ಕಲಾ, ನನ್ನ ತಮ್ಮ ಆಡಿದ್ರ ರೋಗ ಅಂದ್ರ ಹೆಂಗ್ರಿ ಸಾವ್ಕಾರ್ರ? ಇಬ್ಬರ್ನೂ ಇಟ್ಕೋರಿ, ಇಲ್ಲಾ ಇಬ್ಬರ್ನೂ ಬಿಡಸ್ರಿ.”