ಗೋಡೌನ್ ಗ್ರೌಂಡಿನ ಬೊಂಬೆ ಯಜಮಾನರು

ಹೋದ ತಿಂಗಳು ಕೆಂಗಲ್‌ನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹಿಂದುಗಡೆ ಒಂದು ಬೊಂಬೆ ಅಂಗಡಿ. ಬಂದವರಿಗೆ ತೋರಿಸಲೆಂದು ಬಾಗಿಲ ಪಕ್ಕದಲ್ಲೇ ಲೇತ್ ಇಟ್ಟುಕೊಂಡಿದ್ದಾರೆ. ಒಬ್ಬ ಹೆಂಗಸು ಗಿರಗಿರನೆ ತಿರುಗುತ್ತಿದ್ದ ಮರದ ತುಂಡಿಗೆ ಕೆಂಪು ಅರಗಿನ ಕಡ್ಡಿ ಒತ್ತಿದಳು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಒಂದಿಷ್ಟು ಸಿಹಿ, ಒಂದಿಷ್ಟು ಸುಟ್ಟ ವಾಸನೆ... ನನ್ನ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಆ ವಾಸನೆ ಹತ್ತಿದ ಬಿಳಿ ಶರ್ಟಿನ ಪಕ್ಕದಲ್ಲಿ ಕೂತು ನಾನು ಆರು ವರ್ಷಗಳ ಭಾನುವಾರಗಳನ್ನು ಕಳೆದಿದ್ದೇನೆ.

ಚನ್ನಪಟ್ಟಣದ ರೈಲ್ವೆ ಹಳಿಯ ಹತ್ತಿರ, ಒಂದು ಹಳೆಯ ಗೋಡೌನಿನ ಬೆನ್ನಿಗೆ ನಮ್ಮ ಫುಟ್‌ಬಾಲ್ ಟೀಮಿನ ಮೈದಾನವಿತ್ತು. ಖಾಸಗಿಯವರ ಜಾಗ. ಗೋಡೌನಿನ ಮಾಲೀಕರು ದೊಡ್ಡ ಮನಸ್ಸಿನವರು, ಆಡಿಕೊಳ್ಳಲಿ ಎಂದು ಬಿಟ್ಟಿದ್ದರು. ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಒಂದು ತುದಿಯಲ್ಲಿ ಗೋಡೌನಿನ ಎತ್ತರದ ಕಲ್ಲುಗೋಡೆ, ಇನ್ನೊಂದು ತುದಿಯಲ್ಲಿ ಸಾಮಿಲ್ಲಿನ ತಗಡಿನ ಬೇಲಿ. ಗೋಲಿಗೆ ಬಲೆ ಇರಲಿಲ್ಲ, ಮರದ ಕಂಬಗಳಷ್ಟೇ. ಊರಿನವರು ಅದನ್ನು ಗೋಡೌನ್ ಗ್ರೌಂಡ್ ಎನ್ನುತ್ತಿದ್ದರು. ಎಂಬತ್ತರ ದಶಕದ ಮಾತು. ಭಾನುವಾರ ಮಧ್ಯಾಹ್ನ ಅಲ್ಲಿ ನೆರೆದ ಜನ ಒಟ್ಟಿಗೆ ಕೂಗಿದರೆ ಹಳಿಯಾಚೆಯ ಮನೆಗಳವರು ಪಾತ್ರೆ ತೊಳೆಯುವುದನ್ನು ಬಿಟ್ಟು ಹೊರಗೆ ಬಂದು, ‘ಯಾರು ಗೆದ್ದದ್ದು?’ ಎಂದು ಕೇಳುತ್ತಿದ್ದರು.

ನಾನು ಆ ಟೀಮಿನಲ್ಲಿ ಎಡಗಡೆಯ ಅಂಚಿನಲ್ಲಿ ಓಡುತ್ತಿದ್ದವನು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಕನಕಪುರದವರ ಮೇಲೆ ಆಡುವಾಗ, ಬಲಮಂಡಿಯೊಳಗೆ ಏನೋ ಕಿತ್ತುಹೋಯಿತು. ನಡೆಯಬಹುದು, ಸೈಕಲ್ ತುಳಿಯಬಹುದು, ಆಡುವ ಹಾಗಿಲ್ಲ ಎಂದರು ಡಾಕ್ಟರು. ಗೆಳೆಯರು ಮೊದಮೊದಲು ತಮ್ಮ ಬೆಂಚಿಗೇ ಕರೆದು ಕೂರಿಸಿಕೊಳ್ಳುತ್ತಿದ್ದರು. ಅವರು ಬೂಟಿನ ದಾರ ಬಿಗಿಯುವುದನ್ನು ನೋಡುತ್ತ ಕೂರುವುದು ನನ್ನ ಕೈಲಾಗಲಿಲ್ಲ. ಒಂದು ಭಾನುವಾರ ಎದ್ದು, ಯಾರೂ ಹೋಗದ ಕಲ್ಲುಗೋಡೆಯ ಬುಡಕ್ಕೆ ಹೋದೆ. ಅಲ್ಲಿ ಒಂದು ಚಪ್ಪಡಿಯ ಮೇಲೆ ಬೊಂಬೆ ಯಜಮಾನರು ಕೂತಿದ್ದರು.

ಅರವತ್ತರ ಆಸುಪಾಸಿನವರು. ಪಂಚೆ, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ನಯವಾಗಿ ಕಡೆದ ಊರುಗೋಲು. ಮೂವತ್ತು ವರ್ಷ ಲೇತಿನ ಮುಂದೆ ಕೂತು ಬೊಂಬೆ ಮಾಡಿದವರು. ಐವತ್ತು ತುಂಬುವ ಹೊತ್ತಿಗೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ತೆಗೆದುಕೊಂಡಿತ್ತು. ಆಮೇಲೆ ಅಳಿಯನ ಲೇತಿನ ಪಕ್ಕ ಕೂತು, ಮುಗಿದ ಬೊಂಬೆಗಳ ಮೇಲೆ ಬೆರಳಾಡಿಸಿ ಎಲ್ಲಿ ಒರಟು ಉಳಿದಿದೆ ಎಂದು ಹೇಳುತ್ತಿದ್ದರು. ಊರಿಗೆಲ್ಲ ಅವರು ಬೊಂಬೆ ಯಜಮಾನರೇ. ಮಗಳು ಊಟವಾದ ಮೇಲೆ ತಂದು ಕೂರಿಸಿ ಹೋಗುತ್ತಿದ್ದಳು, ಆಟ ಮುಗಿದ ಮೇಲೆ ಬಂದು ಕರೆದೊಯ್ಯುತ್ತಿದ್ದಳು.

ನಾನು ಹತ್ತಿರ ಹೋದಾಗ ಅವರು ತಲೆ ಓರೆ ಮಾಡಿ ಕೇಳಿಸಿಕೊಂಡರು.

“ಒಂದ್ ಕಾಲ್ ಎಳ್ಕಂಡ್ ಬತ್ತಾ ಇದ್ದೀಯ. ಮಂಡಿ ಹೋಯ್ತಲ್ಲ, ಆ ಹುಡ್ಗ ನೀನೇ ಏನಪ್ಪ?”

“ಹೂಂ ಯಜಮಾನ್ರೇ.”

“ಕೂತ್ಕೊ. ನಿಂಗೆ ಕಾಲಿಲ್ಲ, ನಂಗೆ ಕಣ್ಣಿಲ್ಲ. ಈಗ ಚೆಂಡು ಯಾರ ತಾವ ಐತೆ, ಒಸಿ ಹೇಳು.”

ಕೂತೆ. ಹೇಳತೊಡಗಿದೆ. ಮೊದಲ ದಿನ ಪ್ರತಿಯೊಂದನ್ನೂ ಹೇಳಲು ಹೋಗಿ ಬಾಯಿ ಒಣಗಿಸಿಕೊಂಡೆ. ಅವರಿಗೆ ನಗು ಬಂತು. “ಅಷ್ಟೆಲ್ಲ ಬ್ಯಾಡ ಕಣಪ್ಪ. ಯಾರ ಕಾಲು ಅಂತ ಹೇಳು, ಸಾಕು. ಎಲ್ಲಿ ಅನ್ನದು ನಂಗೊತ್ತಾಯ್ತದೆ.”

ನಿಜವಾಗಿಯೂ ಗೊತ್ತಾಗುತ್ತಿತ್ತು. ಎಡ ಅಂಚಿನಲ್ಲಿ ಗರಸು ಹೆಚ್ಚು, ಅಲ್ಲಿ ಓಡಿದರೆ ಕರಕರ ಎನ್ನುತ್ತಿತ್ತು. ನಡುವೆ ನೆಲ ಗಟ್ಟಿ, ಚೆಂಡು ಪುಟಿದರೆ ತಮಟೆಯ ಸದ್ದು. ಗೋಲಿನ ಮುಂದೆ ಮಣ್ಣು ಹುಡಿಯಾಗಿ, ಅಲ್ಲಿಗೆ ಹೋದ ಕಾಲುಗಳ ಸದ್ದು ಅಡಗಿಬಿಡುತ್ತಿತ್ತು. ನಲ್ಲಿಯಿದ್ದ ಮೂಲೆಯಲ್ಲಿ ಯಾವಾಗಲೂ ಕೆಸರು. ಚೆಂಡು ಆಚೆ ತುದಿ ದಾಟಿದರೆ ತಗಡು ಢಣ್ ಎನ್ನುತ್ತಿತ್ತು, ಈಚೆ ತುದಿ ದಾಟಿದರೆ ನಮ್ಮ ಬೆನ್ನಿನ ಗೋಡೆಯೇ ಅದುರುತ್ತಿತ್ತು. ಇವನ್ನೆಲ್ಲ ನಾನು ಎಂಟು ವರ್ಷ ಅಲ್ಲೇ ಆಡಿದ್ದರೂ ಕೇಳಿಸಿಕೊಂಡಿರಲಿಲ್ಲ.

ಒಂದು ದಿನ, ಆಟ ಶುರುವಾಗುವ ಮುಂಚೆ, ಅವರು ತಮಗೆ ತಾವೇ ಎಂಬಂತೆ ಹೇಳಿದರು. “ನೀನ್ ಓಡದು ನಂಗ್ ಕೇಳುಸ್ತಿತ್ತು. ಗರಸಿನ್ ಮ್ಯಾಲೆ ಅಷ್ಟ್ ಹಗುರಕ್ಕೆ ಓಡ್ತಿದ್ದೋನು ನೀನೊಬ್ನೇಯ. ನಿಂತೋದಾಗ ಗೊತ್ತಾಯ್ತು.”

ನಾನು ಆಡುವುದನ್ನು ನಿಲ್ಲಿಸಿದ ಮೇಲೆ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಮಂಡಿ ಉಜ್ಜಿಕೊಳ್ಳುತ್ತ ಕೂತಿದ್ದೆ...

ರೇಷ್ಮೆ ಇಲಾಖೆಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ವಾರವೆಲ್ಲ ಕಚೇರಿ, ಬಾಡಿಗೆಯ ಕೋಣೆ. ನನ್ನ ವಯಸ್ಸಿನವರ ಜೊತೆ ನನಗೆ ಆಡಲು ಮಾತೇ ಉಳಿದಿರಲಿಲ್ಲ, ಏಕೆಂದರೆ ಅವರ ಮಾತೆಲ್ಲ ಆಟದ್ದು. ಭಾನುವಾರ ಗೋಡೆಯ ಬುಡದಲ್ಲಿ ಮಾತ್ರ ನಾನು ಒಬ್ಬರಿಗೆ ಬೇಕಾದವನಾಗಿದ್ದೆ. ಮಗಳ ಬದಲು ನಾನೇ ಅವರನ್ನು ಮನೆಯಿಂದ ಕರೆತರತೊಡಗಿದೆ. ನನ್ನ ಹೆಗಲ ಮೇಲೆ ಅವರ ಕೈ. ನಾನು ಕುಂಟುತ್ತಿದ್ದೆ, ಅವರೂ ನನ್ನ ಲಯಕ್ಕೆ ಸರಿಯಾಗಿ ವಾಲುತ್ತ ಬರುತ್ತಿದ್ದರು. ನೋಡಿದವರು ನಗುತ್ತಿದ್ದರೇನೋ. ನಮಗೆ ಅದರ ಕಡೆ ಗಮನವಿರಲಿಲ್ಲ.

ಗೋಡೌನಿನ ಹಿರಿಯ ಮಾಲೀಕರು ತೀರಿಕೊಂಡರು. ಅವರ ಮಕ್ಕಳು ಜಾಗವನ್ನು ಮಾರಿದರು. ಮಾರುವುದು ಅವರ ಹಕ್ಕು, ಯಾರೂ ಜಗಳವಾಡಲಿಲ್ಲ. ಹೊಂಗನೂರಿನ ಕಡೆ, ಊರಿಂದ ಆಚೆ, ಟೀಮಿಗೆ ಬೇರೆ ಜಾಗ ಸಿಕ್ಕಿತು. ಅಲ್ಲಿ ಹುಲ್ಲಿತ್ತು, ಕಬ್ಬಿಣದ ಕಂಬಗಳಿದ್ದವು, ಬಲೆ ಕೂಡ ಇತ್ತು. ಹುಡುಗರು ಖುಷಿಯಾಗಿದ್ದರು. ನಾನು ಯಜಮಾನರಿಗೆ ಸುದ್ದಿ ಹೇಳಿದಾಗ ಅವರು ಊರುಗೋಲಿನ ಹಿಡಿಯನ್ನು ಸವರಿದರು.

“ಕಣ್ಣಿದ್ದಾಗ ನಾ ನೋಡಿದ್ ಗ್ರೌಂಡು ಇದೊಂದೇಯ,” ಎಂದರು. “ಇಲ್ ಕೂತ್ರೆ ಎಲ್ಲಾ ಕಾಣ್ತದೆ. ಹೊಸ ಜಾಗ್ದಲ್ಲಿ ನಂಗೇನ್ ಕಾಣ್ತದಪ್ಪ?”

“ನಾನಿದ್ದೀನಲ್ಲ ಯಜಮಾನ್ರೇ,” ಎಂದೆ. ಆ ಮಾತು ಎಷ್ಟು ಸುಲಭವಾಗಿ ಬಂದಿತ್ತು ಬಾಯಿಗೆ...

ಕೊನೆಯ ಮ್ಯಾಚು ರಾಮನಗರದವರ ಮೇಲೆ. ಊರಿಗೆ ಊರೇ ಬಂದಿತ್ತು. ಎಂದೂ ಬಾರದ ಹೆಂಗಸರು ಕೂಡ ಹಳಿಯ ಏರಿಯ ಮೇಲೆ ಕೂತಿದ್ದರು. ನಾವು ಒಂದು ಗೋಲು ಹಿಂದಿದ್ದೆವು. ಮುಗಿಯಲು ಇನ್ನೇನು ಒಂದೆರಡು ನಿಮಿಷ. ನಮ್ಮವನೊಬ್ಬ ಚೆಂಡನ್ನು ನಾವು ಕೂತಿದ್ದ ಕಡೆಯ ಗೋಲಿಗೆ ಬಲವಾಗಿ ಒದ್ದ. ಅದು ಮೇಲಿನ ಅಡ್ಡಕಂಬಕ್ಕೆ ಬಡಿದು ಆಕಾಶಕ್ಕೆ ಹಾರಿತು. ಅದೇ ಕ್ಷಣ ನಾನು ಯಜಮಾನರ ಭುಜ ಹಿಡಿದು, “ಗೋಲು! ಗೋಲಾಯ್ತು ಯಜಮಾನ್ರೇ!” ಎಂದು ಕೂಗಿಬಿಟ್ಟೆ. ಯಾಕೆ ಕೂಗಿದೆನೋ. ಆ ಮೈದಾನವನ್ನು ಅವರು ಸೋಲಿನೊಂದಿಗೆ ಬಿಟ್ಟುಹೋಗುವುದು ನನಗೆ ಬೇಡವಾಗಿತ್ತು.

ಅವರು ಅಲುಗಾಡಲಿಲ್ಲ. ಜನರೆಲ್ಲ ‘ಅಯ್ಯೋ’ ಎಂದು ಉಸಿರು ಬಿಟ್ಟರು. ಅದು ಅಡಗುವವರೆಗೆ ಕಾದು, ಮೆಲ್ಲಗೆ ಹೇಳಿದರು.

“ಕಂಬಕ್ ಬಿತ್ತು ಕಣಪ್ಪ. ಮರದ್ ಸದ್ದು ನಂಗ್ ಗೊತ್ತಿಲ್ವಾ? ಸೋತ್ರೆ ಸೋತೊ ಅನ್ನು. ನಿನ್ ಮಾತೂ ಸುಳ್ಳಾದ್ರೆ ನಾ ಯಾರ್ನ ಕೇಳ್ಲಿ?”

ಸೀಟಿ ಕೇಳಿಸಿತು. ಜನ ಒಳನುಗ್ಗಿ ಮಣ್ಣನ್ನು ಕರವಸ್ತ್ರಗಳಲ್ಲಿ ಕಟ್ಟಿಕೊಂಡರು. ಕಂಬ ಕಿತ್ತು ಮೆರವಣಿಗೆ ಹೊರಡಿಸಿದರು. ನಾವಿಬ್ಬರೂ ಎಲ್ಲರೂ ಹೋಗುವವರೆಗೆ ಅಲ್ಲೇ ಇದ್ದೆವು. ಅವರು ಎದ್ದು ಗೋಡೆಗೆ ಅಂಗೈ ಇಟ್ಟು, ಅದರ ಉದ್ದಕ್ಕೂ ಸವರಿಕೊಂಡು ಒಂದು ಸಲ ನಡೆದರು. ಆಮೇಲೆ ನನ್ನ ಹೆಗಲನ್ನು ಹುಡುಕಿದರು.

ಹೊಸ ಮೈದಾನದ ಮೊದಲ ಮ್ಯಾಚಿಗೆ ಅವರನ್ನು ಬಸ್ಸಿನಲ್ಲಿ ಕರೆದೊಯ್ದೆ. ಸುತ್ತ ಬಯಲು. ಗಾಳಿ ಸದ್ದನ್ನೆಲ್ಲ ಎತ್ತಿಕೊಂಡು ಹೋಗುತ್ತಿತ್ತು. ಹುಲ್ಲಿನ ಮೇಲೆ ಓಡಿದ ಕಾಲುಗಳು ಕೇಳಿಸುತ್ತಲೇ ಇರಲಿಲ್ಲ. ಯಜಮಾನರು ಮುಖವನ್ನು ಆ ಕಡೆ ಈ ಕಡೆ ತಿರುಗಿಸುತ್ತ, ಕೊನೆಗೆ ಆಟಕ್ಕೆ ಪೂರ್ತಿ ಬೆನ್ನು ಹಾಕಿ ಕೂತಿದ್ದರು. ನಾನೇ ಹಿಡಿದು ತಿರುಗಿಸಿದೆ. ಹೇಳುತ್ತ ಹೋದೆ. ಆದರೆ ಹೇಳಿ ಮುಗಿಸುವುದರೊಳಗೆ ಚೆಂಡು ಇನ್ನೆಲ್ಲೋ ಇರುತ್ತಿತ್ತು. ಅಂದು ನಮ್ಮವರು ಬಹಳ ಚೆನ್ನಾಗಿ ಆಡುತ್ತಿದ್ದರು. ನೋಡುವುದರಲ್ಲಿ ನಾನು ಮೈಮರೆತೆ. ಮಾತು ನಿಂತಿತು.

ಎದುರಾಳಿಗಳು ಗೋಲು ಹೊಡೆದರು. ಅವರ ಕಡೆಯವರು ಕೂಗಿದ್ದನ್ನು ನಮ್ಮವರ ಕೂಗೆಂದುಕೊಂಡು ಯಜಮಾನರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹತ್ತಿರದಲ್ಲಿದ್ದವರು ತಿರುಗಿ ನೋಡಿದರು. “ಯಾರ್ ಕಡೆಯೋನಯ್ಯ ಈ ಮುದ್ಕ?” ಎಂದು ಒಬ್ಬ ರೇಗಿದ. ಇನ್ನಿಬ್ಬರು ನಕ್ಕರು.

ಆಗ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅವರ ಕೈ ಹಿಡಿದು ಕೂರಿಸಬೇಕಿತ್ತು. ಆ ಮನುಷ್ಯನಿಗೆ ಒಂದು ಮಾತು ಹೇಳಬೇಕಿತ್ತು. ನಾನು ಒಂದು ಮಾರು ಆಚೆಗೆ ಸರಿದು, ಅವರ ಜೊತೆಗೆ ಬಂದವನಲ್ಲ ಎಂಬಂತೆ ಕೂತೆ.

ಅವರ ಕೈ ಗಾಳಿಯಲ್ಲಿ ನನ್ನ ಹೆಗಲಿಗಾಗಿ ತಡಕಾಡಿತು. ಸಿಗಲಿಲ್ಲ. ತಾವೇ ನೆಲ ಮುಟ್ಟಿ ನೋಡಿಕೊಂಡು ಕೂತರು. ಅರ್ಧ ಆಟದ ಸೀಟಿ ಊದಿದಾಗ, “ಮನೀಗ್ ಹೋಗಾನ ಕಣಪ್ಪ. ಬಿಸ್ಲು ಜಾಸ್ತಿ ಐತೆ,” ಎಂದರು. ಮೋಡ ಕವಿದ ದಿನ ಅದು. ಮನೆಯ ಮುಂದೆ ಬಿಡುವಾಗ, “ಮುಂದಿನ್ ವಾರ ಬತ್ತೀನಿ,” ಎಂದೆ.

ಹೋಗಲಿಲ್ಲ. ಆ ಭಾನುವಾರ ನೇರವಾಗಿ ಹೊಸ ಮೈದಾನಕ್ಕೆ ಹೋದೆ. ಅದರ ಮುಂದಿನ ವಾರವೂ. ಹೋಗಿ ಏನೆಂದು ಮುಖ ತೋರಿಸಲಿ ಎಂಬ ನಾಚಿಕೆ ಒಂದು ಕಡೆ. ಒಬ್ಬನೇ ಕೂತು ಪೂರ್ತಿ ಆಟವನ್ನು ನೋಡುವ ಹಗುರ ಇನ್ನೊಂದು ಕಡೆ... ಅದೂ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ತಿಂಗಳಿಗೆ ಮಾಗಡಿಗೆ ವರ್ಗವಾಯಿತು. ಆ ನೆಪವೂ ಸೇರಿಕೊಂಡಿತು.

ಒಂದು ವರ್ಷವಾದ ಮೇಲೆ ಸುದ್ದಿ ಬಂತು. ನಾನು ಚನ್ನಪಟ್ಟಣಕ್ಕೆ ಬರುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಅವರ ಮಗಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, “ಬಾಪ್ಪ, ಒಳೀಕ್ ಬಾ,” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

“ಭಾನ್ವಾರ ಆದ್ರೆ ಶರ್ಟ್ ಹಾಕ್ಕಂಡು ಜಗುಲೀಲಿ ಕೂತ್ಕಳರು,” ಎಂದಳು ಅಕ್ಕ. “ಮೂರ್ ವಾರ ಹಂಗೇ ಕಾದ್ರು. ಆಮ್ಯಾಲೆ, ನನ್ನ ಹಳೆ ಗ್ರೌಂಡ್‌ಗೇ ಕರ್ಕೊಂಡೋಗವ್ವ ಅಂದ್ರು. ಕರ್ಕೊಂಡೋಗಿ ಆ ಗೋಡೆ ತಾವ ಬುಟ್ಟು ಬತ್ತಿದ್ದೆ. ಅಲ್ಲಿ ಯಾರೂ ಇಲ್ದಿದ್ರೂ ಸಂಜೆ ಗಂಟ ಕೂತಿರರು. ಒಂದಿನ ಹೋದ್ರೆ ಗೋಡೆ ಕೆಡುವ್ತಾ ಇದ್ರು. ಸದ್ದು ಕೇಳುಸ್ಕಂಡು ನಿಂತ್ಕಂಡ್ರು. ಅವತ್ತಿಂದ ಶರ್ಟ್ ಕೇಳ್ನಿಲ್ಲ.”

ನನ್ನ ಬಗ್ಗೆ ಏನಾದರೂ ಅಂದರೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವಳೇ ಹೇಳಿದಳು. “ನಿನ್ ಮ್ಯಾಲೆ ನಂಗೇ ಕ್ವಾಪ ಬಂದಿತ್ತು. ನಮ್ಮಪ್ಪನೇ, ಬುಡವ್ವ, ಅವ್ನಿಗೂ ಆಟ ನೋಡ್ಬೇಕಲ್ವಾ, ನಂಗ್ ಹೇಳ್ತಾ ಕೂತ್ರೆ ಅವ್ನ್ ಯಾವಾಗ್ ನೋಡಾನು ಅಂದ್ರು.”

ಕಾಫಿ ಕೊಟ್ಟಳು, ಕುಡಿದೆ. ಅಳಿಯನ ಲೇತ್ ಹಿಂದಿನ ಕೋಣೆಯಲ್ಲಿ ತಿರುಗುತ್ತಿತ್ತು. ಪಕ್ಕದ ಮಣೆ ಖಾಲಿಯಿತ್ತು.

ಈಗ ನಾನು ನಿವೃತ್ತನಾಗಿ ಚನ್ನಪಟ್ಟಣಕ್ಕೇ ಬಂದಿದ್ದೇನೆ. ಗೋಡೌನ್ ಗ್ರೌಂಡ್ ಇದ್ದಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸ್ ಇದೆ. ಎಡ ಅಂಚು ಎಲ್ಲಿತ್ತು, ಗೋಡೆ ಎಲ್ಲಿತ್ತು ಎಂದು ಲೆಕ್ಕ ಹಾಕಿದರೂ ಗೊತ್ತಾಗುವುದಿಲ್ಲ.

ಮೊನ್ನೆ ಹಳೆಯ ಆಟಗಾರರು, ಅಭಿಮಾನಿಗಳು ಸೇರಿ ಹೈವೇ ಪಕ್ಕದ ಹೋಟೆಲೊಂದರಲ್ಲಿ ಊಟ ಇಟ್ಟುಕೊಂಡಿದ್ದರು. ಆಗ ನಮ್ಮ ಮೇಲೆ ಆಡುತ್ತಿದ್ದವರನ್ನೂ ಕರೆದಿದ್ದರು. ಎಲ್ಲರ ಬಾಯಲ್ಲೂ ಗ್ರೌಂಡಿನ ಮಾತೇ. “ಅಲ್ ಬಿದ್ದು ಕೆತ್ಕಂಡ್ ಮಂಡಿ ಇನ್ನೂ ಹಂಗೇ ಐತೆ ನೋಡ್ಲಾ,” ಎಂದು ಒಬ್ಬ ಪ್ಯಾಂಟು ಮಡಿಸಿ ತೋರಿಸಿದ. ನಾನು ಎಂದಿನಂತೆ ಕೊನೆಯ ಮೇಜಿನಲ್ಲಿದ್ದೆ. ಪಕ್ಕದಲ್ಲಿ ಬಂದು ಕೂತವರು ರಾಮನಗರದವರ ಹಳೆಯ ಗೋಲ್‌ಕೀಪರ್. ತಲೆ ಪೂರ್ತಿ ನೆರೆತಿತ್ತು. ನನ್ನನ್ನೇ ದಿಟ್ಟಿಸಿ ನೋಡಿದರು.

“ನಮ್ ಗೋಲ್ ಹಿಂದ್ಗಡೆ ಗೋಡೆ ತಾವ ಕೂತ್ಕಂಡು ನಿಮ್ ತಂದೆಯೋರ್ಗೆ ಆಟ ಹೇಳ್ತಿದ್ದೋರು ನೀವೇ ಅಲ್ವಾ? ನಂಗೆ ಒಸೊಸಿ ಕೇಳುಸ್ತಿತ್ತು. ಅಪ್ಪ ಮಗ ಅಂದ್ರೆ ಹಿಂಗಿರ್ಬೇಕು ಅಂತ ಮನೇಲಿ ಹೇಳ್ತಿದ್ದೆ.”

ಅಕ್ಕೂರಿನಲ್ಲಿ ರೇಷ್ಮೆ ಹುಳು ಸಾಕಿಕೊಂಡಿದ್ದ ನನ್ನ ತಂದೆ ಒಂದು ದಿನವೂ ಆ ಮೈದಾನಕ್ಕೆ ಬಂದವರಲ್ಲ.

“ಗ್ರೌಂಡ್ ಹೋದ್ಮೇಲೆ ಎಷ್ಟ್ ವರ್ಷ ಇದ್ರು?” ಎಂದು ಕೇಳಿದರು.

“ಒಂದ್ ವರ್ಷ ಅಷ್ಟೆ.”

“ಪಾಪ... ಕೊನೇಗಾಲ್ದಲ್ಲಿ ನೀವು ಪಕ್ಕದಲ್ಲೇ ಇದ್ರಿ ಬುಡಿ. ಅಷ್ಟು ಪುಣ್ಯ.”

“ಇಲ್ಲ,” ಎಂದೆ. “ಇರ್ನಿಲ್ಲ.”

ಅವರು ನನ್ನ ಕೈ ಮೇಲೆ ಕೈ ಇಟ್ಟರು. ಯಜಮಾನರು ನನ್ನ ತಂದೆಯಲ್ಲ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ.