ಮಿಲ್ಪಿಟಾಸಿನ ಹಿತ್ತಲಲ್ಲಿ ಲೋಹಶೋಧ

ನಮ್ಮ ಗ್ಯಾರೇಜಿನಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇದೆ. ಒದ್ದೆ ಬಟ್ಟೆ ಹರವಲು ಒದಗುವ ಟ್ರೆಡ್‌ಮಿಲ್ಲು, ತಂತಿ ಹರಿದ ಗಿಟಾರು, ಗಾಳಿ ಇಳಿದ ದುಬಾರಿ ಸೈಕಲ್ಲು, ಹೀಗೆ ನನ್ನ ಹವ್ಯಾಸಗಳೆಲ್ಲ ಒಂದೊಂದಾಗಿ ಬಂದು ಅಲ್ಲಿ ವಿಶ್ರಾಂತಿ ಪಡೆಯುತ್ತಿವೆ. ನಾನೇನು ಮಾಡಲಿ, ಮಿತ್ರರೇ? ಈ ಬೇ ಏರಿಯಾದಲ್ಲಿ ಐವತ್ತು ದಾಟಿದ ಗಂಡಸಿಗೆ ಹವ್ಯಾಸವಿಲ್ಲವೆಂದರೆ ರಕ್ತದೊತ್ತಡ ಇದೆಯೆಂದಷ್ಟೇ ಕಳವಳದಿಂದ ನೋಡುತ್ತಾರೆ. ಅದಕ್ಕೇ ಈ ಸಲ ಮೆಟಲ್ ಡಿಟೆಕ್ಟರ್ ತಂದೆ. ಒಂದು ಉದ್ದನೆಯ ಕೋಲು, ತುದಿಯಲ್ಲಿ ಊಟದ ತಟ್ಟೆಯಗಲದ ಬಿಲ್ಲೆ, ಕಿವಿಗೆ ಹೆಡ್‌ಫೋನು. ನೆಲದಡಿ ಲೋಹವಿದ್ದರೆ ಕಿವಿಯಲ್ಲಿ ಕೀಂ ಎನ್ನುತ್ತದೆ. ಪೆಟ್ಟಿಗೆ ಬಿಚ್ಚಿದ ದಿನ ನನ್ನ ಹೆಂಡತಿ ಸುಮಾ ಕೇಳಿದ್ದು ಇಷ್ಟೇ: "ಡ್ರಾಯರ್‌ನಲ್ಲಿರೋ ಸ್ಪೂನೇ ಕಾಣ್ಸಲ್ಲ ನಿಮ್ಗೆ, ಭೂಮಿಯೊಳಗಿರೋದು ಸಿಗತ್ತಾ?"

ಹೊಸಬರಿಗೆ ಈ ವಿದ್ಯೆಯಲ್ಲಿ ಎದುರಾಗುವ ಮೊದಲ ತೊಡಕು ನೆಲದ್ದೇ. ಒಂದು ಕಾಲಕ್ಕೆ ಚಿನ್ನದ ಆಸೆಗೆ ಬೆಟ್ಟಗಳನ್ನೇ ಬಗೆದು ನದಿಗಳಲ್ಲಿ ಕೆಸರೆಬ್ಬಿಸಿದ ಈ ರಾಜ್ಯದಲ್ಲಿ, ಈಗ ಯಾವ ಪಾರ್ಕಿಗೆ ಹೋದರೂ ನನ್ನ ಕೈಯ ಪುಟ್ಟ ಸಲಿಕೆಯನ್ನು ತಡೆಯಲೊಂದು ಬೋರ್ಡು ಕಾದಿರುತ್ತದೆ. ಕಡೆಗೆ ಕಡಲತೀರವೊಂದು ನನ್ನನ್ನು ಬರಗೊಟ್ಟಿತು. ಇಡೀ ಬೆಳಗ್ಗೆ ಚಳಿಗಾಳಿಯಲ್ಲಿ ಮೂಗು ಸೋರಿಸಿಕೊಂಡು, ಪೂರ್ವಜನ್ಮದ ಬಾಕಿ ತೀರಿಸುವವನ ಹಾಗೆ ಮರಳನ್ನು ಗುಡಿಸಿದೆ. ಬಿಯರ್ ಬಾಟಲಿಯ ಮುಚ್ಚಳಗಳೂ ಸೋಡಾ ಡಬ್ಬಿಯ ಕಿವಿಗಳೂ ಸಿಕ್ಕಿದವು. ಚರಿತ್ರೆಯೆಂದು ನಾನು ತಿಳಿದಿದ್ದು ಬಹುಮಟ್ಟಿಗೆ ಯಾರೋ ಕುಡಿದು ಬಿಸಾಡಿದ್ದೇ ಆಗಿತ್ತು. ಆದರೂ ಈ ಹವ್ಯಾಸದ ಒಂದು ಶಿಸ್ತು ನನಗೆ ಹಿಡಿಸಿತು. ಅಗೆದ ಗುಂಡಿಯನ್ನು ಯಾರಿಗೂ ಗುರುತು ಸಿಗದಂತೆ ಮುಚ್ಚಿಯೇ ಮುಂದೆ ಹೋಗಬೇಕು. ಪರರ ವಿಷಯ ಕೆದಕಿ ಹಾಗೇ ತೆರೆದಿಟ್ಟು ಎದ್ದು ಬರುವ ನಮ್ಮ ಗೆಳೆಯರ ಗುಂಪಿಗೆ ಇದನ್ನು ಯಾರಾದರೂ ಕಲಿಸಬೇಕಿತ್ತು.

ಆ ಗುಂಪಿನ ಬಗ್ಗೆ ಒಂದು ಮಾತು ಹೇಳಬೇಕು. ನಾವೆಲ್ಲ ಎಂಜಿನಿಯರುಗಳು, ಪುರಾವೆಯಿಲ್ಲದೆ ಆಫೀಸಿನಲ್ಲಿ ಒಂದು ಸಾಲನ್ನೂ ಒಪ್ಪುವುದಿಲ್ಲ. ಆದರೆ ಮನೆ ಕೊಳ್ಳುವಾಗ ಫೋನಿನಲ್ಲಿ ದಿಕ್ಸೂಚಿ ತೆರೆದು, ಬಾಗಿಲಲ್ಲಿ ನಿಂತು ಗುಬ್ಬಿಯಂತೆ ಅತ್ತಿತ್ತ ತಿರುಗುತ್ತೇವೆ. ಶಾಲೆ ಚೆನ್ನಾಗಿದ್ದರೂ ಫ್ರೀವೇ ಹತ್ತಿರವಿದ್ದರೂ ಬಾಗಿಲು ದಕ್ಷಿಣಕ್ಕಿದ್ದರೆ ಮೆಲ್ಲನೆ ಕಾರು ಹತ್ತುತ್ತೇವೆ. ಯಾರಾದರೂ ಕಾರಣ ಕೇಳಿದರೆ ಅಡುಗೆಮನೆ ಚಿಕ್ಕದಾಯಿತು ಎನ್ನುತ್ತೇವೆ. ಹೀಗೆ ನಾವೆಲ್ಲ ಬಿಟ್ಟುಬಂದ ಮಿಲ್ಪಿಟಾಸಿನ ಮನೆಯೊಂದನ್ನು ಎದೆಯುಬ್ಬಿಸಿ ಕೊಂಡವರು ಉಡುಪಿಯ ಕಡೆಯ ಪ್ರಭಾಕರ ರಾಯರು. ಅವರಿಗೆ ದೇವರಿಲ್ಲ, ವಾಸ್ತುವಿಲ್ಲ, ರಾಹುಕಾಲವಂತೂ ಇಲ್ಲವೇ ಇಲ್ಲ. ಎರಡು ವರ್ಷದ ಹಿಂದೆ ಎದೆಯ ಆಪರೇಷನ್ನಿಗೆ ಸ್ಟ್ರೆಚರಿನ ಮೇಲೆ ಮಲಗಿದಾಗಲೂ, ಹೋಮ ಮಾಡಿಸೋಣವೆಂದ ನಮ್ಮನ್ನು ಗೇಲಿ ಮಾಡಿಯೇ ಒಳಗೆ ಹೋದವರು. ಪ್ರತಿ ಕೂಟದಲ್ಲೂ ಮೊಸರನ್ನದ ಹೊತ್ತಿಗೆ ಮೂಢನಂಬಿಕೆಯ ಮೇಲೆ ಅವರದೊಂದು ಭಾಷಣ ಖಾಯಂ. ಅವರ ಹೆಂಡತಿ ವಸುಧಾ ಆಗ ಉಪ್ಪಿನಕಾಯಿ ಬಡಿಸಲು ಏಳುತ್ತಾರೆ.

ಕಳೆದ ತಿಂಗಳ ಕೂಟ ಅವರ ಮನೆಯಲ್ಲೇ ಆಯಿತು. ನನ್ನ ಯಂತ್ರದ ಸುದ್ದಿ ತಿಳಿದಿದ್ದ ಗೆಳೆಯರು, ರಾಯರ ಹಿತ್ತಲಲ್ಲೇ ಪ್ರದರ್ಶನವಾಗಲಿ ಎಂದು ಗಲಾಟೆಯೆಬ್ಬಿಸಿದರು. ರಾಯರು ಹುಲ್ಲು ಹಾಳಾಗುತ್ತದೆ ಎಂದರು, ಬಿಸಿಲು ಎಂದರು, ಕಡೆಗೆ ಕೈಚೆಲ್ಲಿದರು. ಸುಮ್ಮನೆ ಕೋಲು ಆಡಿಸುವವನನ್ನು ಎಷ್ಟು ಹೊತ್ತು ನೋಡಿಯಾರು? ಬಿಸಿಬೇಳೆಬಾತಿನ ವಾಸನೆ ಬಂದದ್ದೇ ಜನ ಒಳಗೆ ನಡೆದರು. ನಾನೊಬ್ಬನೇ ಉಳಿದಿದ್ದಾಗ ಈಶಾನ್ಯದ ಮೂಲೆಯಲ್ಲಿ ಕಿವಿ ತುಂಬ ಸದ್ದು ಬಂತು. ಗೇಣುದ್ದ ಅಗೆದರೆ ಕೆಂಪು ಬಟ್ಟೆಯ ಗಂಟು, ಅದರೊಳಗೆ ಗೆರೆ ಕೊರೆದ ತಾಮ್ರದ ತಗಡು. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ನಾಸ್ತಿಕನ ಮನೆಯ ಈ ಮಂತ್ರಿಸಿದ ಯಂತ್ರವನ್ನು ಊಟದ ಮೇಜಿನ ನಡುವೆ ಇಟ್ಟು ಎಲ್ಲರ ಮುಖ ನೋಡುವ ಸುಖವನ್ನು ನಾನು ಮನಸ್ಸಿನಲ್ಲೇ ಚಪ್ಪರಿಸುತ್ತಿದ್ದೆ.

ನನ್ನನ್ನು ಊಟಕ್ಕೆ ಕರೆಯಲು ಬಂದ ವಸುಧಾ ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದರು.

"ಅಯ್ಯೋ, ಅದನ್ನು ತೆಗೀಬೇಡಿ ಮಾರಾಯ್ರೆ. ಇವರ ಆಪರೇಶನ್ ಆದಾಗ ನಮ್ಮ ಭಟ್ರು ಮಂತ್ರಿಸಿ ಕೊಟ್ಟದ್ದು. ಅದು ಅಲ್ಲಿ ಇರುವಷ್ಟು ದಿನ ಇವರಿಗೆ ಏನೂ ಆಗುದಿಲ್ಲ ಅಂತ ನನಗೊಂದು ಧೈರ್ಯ. ಇವರಿಗೆ ಗೊತ್ತಾದ್ರೆ ಕಿತ್ತು ಬಿಸಾಡ್ತಾರೆ. ಆಮೇಲೆ ನನಗೆ ನಿದ್ದೆ ಬರುದಿಲ್ಲ."

ನನಗೆ ನಾಚಿಕೆಯಾಯಿತು, ಮಿತ್ರರೇ. ಇಂಥ ಭಯವನ್ನೇ ತಮಾಷೆ ಮಾಡಹೊರಟಿದ್ದೆನಲ್ಲ ಎಂದು. ತಗಡನ್ನು ಬಟ್ಟೆಯಲ್ಲಿ ಸುತ್ತಿ, ಗುಂಡಿ ಮುಚ್ಚಿ, ಹುಲ್ಲಿನ ಹೆಂಟೆಯನ್ನು ಅಂಗೈಯಿಂದ ಒತ್ತಿದೆ. ಅಷ್ಟರಲ್ಲಿ ರಾಯರು ಬಾಗಿಲಿಗೆ ಬಂದರು.

"ಎಂತ ಸಿಕ್ಕಿತು? ಚಿನ್ನವಾ?"

"ಸೋಡಾ ಡಬ್ಬಿ ಮುಚ್ಚಳ ಸಾರ್," ಎಂದೆ.

"ನಾನು ಹೇಳಿಲ್ವಾ? ನೆಲದಲ್ಲಿ ಕಸ ಬಿಟ್ರೆ ಬೇರೆ ಏನೂ ಇರುದಿಲ್ಲ," ಎಂದು ಅವರು ಅಗತ್ಯಕ್ಕಿಂತ ಜೋರಾಗಿ ನಕ್ಕರು.

ಸಂಜೆ ಹೊರಟಾಗ ಸುಮಾ ಪಾತ್ರೆ ತೆಗೆದುಕೊಳ್ಳಲು ಒಳಗಿದ್ದಳು. ರಾಯರು ತಾವೇ ಯಂತ್ರವನ್ನು ನನ್ನ ಕಾರಿನವರೆಗೆ ಹೊತ್ತು ತಂದರು. ಡಿಕ್ಕಿ ಮುಚ್ಚಿದ ಮೇಲೂ ಹೋಗದೆ ನಿಂತರು.

"ಇನ್ನೊಂದು ಸಲ ಇದನ್ನು ತಂದ್ರೆ ಲಿಂಬೆಗಿಡದ ಬುಡಕ್ಕೆ ಹೋಗ್ಬೇಡಿ," ಎಂದರು. "ಅಲ್ಲಿ ನಂದೊಂದು ತಗಡು ಉಂಟು. ಆಪರೇಶನ್ನಿನ ಹಿಂದಿನ ದಿನ ಹೂತದ್ದು."

ರಾಯರು ಮನೆಯ ಬಾಗಿಲತ್ತ ಒಮ್ಮೆ ತಿರುಗಿ ನೋಡಿದರು.

"ವಸುಧಾಗೆ ಗೊತ್ತಾಗ್ಬಾರದು. ವಾಸ್ತು ಅಂತ ನಗಾಡಿದ್ರೆ ನಗಾಡ್ಲಿ, ಅದಕ್ಕಲ್ಲ. ನಾನು ಅಷ್ಟು ಹೆದರಿದ್ದೆ ಅಂತ ಗೊತ್ತಾದ್ರೆ, ನಾಳೆ ಮತ್ತೆ ನನಗೆ ಎದೆನೋವು ಬಂದಾಗ ಅವಳು ಯಾರ ಮುಖ ನೋಡಿ ಧೈರ್ಯ ತಗೊಳ್ಳುದು?"

ಅವರಿಗಾಗಿ ವಸುಧಾ ಅದೇ ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ಏನು ಹೂತಿದ್ದಾರೆಂದು ಹೇಳಿಬಿಡಬಹುದಿತ್ತು. ಆದರೆ ಹೇಳುವ ಹಕ್ಕು ನನ್ನದಾಗಿರಲಿಲ್ಲ. ಹೋದ ಭಾನುವಾರ ನಮ್ಮ ಮನೆಯಲ್ಲಿ ಕೂಟ. ಮೊಸರನ್ನದ ಹೊತ್ತಿಗೆ ರಾಯರು ಗಂಟಲು ಸರಿಮಾಡಿಕೊಂಡು ಮೂಢನಂಬಿಕೆಯ ಮೇಲೆ ಶುರುಮಾಡಿದರು. ಗೆಳೆಯರು ಎಂದಿನಂತೆ ತಲೆದೂಗಿದರು. ವಸುಧಾ, ನಾನು ಮತ್ತು ಸ್ವತಃ ಭಾಷಣಕಾರರು ಮಾತ್ರ, ಒಬ್ಬರ ಮುಖ ಒಬ್ಬರು ನೋಡದೆ, ನೆಲ ನೋಡುತ್ತ ಕುಳಿತಿದ್ದೆವು.