ಗಾಲ್ಫ್ ಹೊಂಡಕ್ಕಿಳಿಯುವ ಅಂಬಿಗ

ಕೊಗನೊಳ್ಳಿ ದಾಟಿ ಕೊಲ್ಹಾಪುರದ ಕಡೆ ಹೊರಟ ಲಾರಿಗಳ ದೀಪ ಇನ್ನೂ ಆರಿಲ್ಲ. ಹೆದ್ದಾರಿಯಿಂದ ಕೂಗಳತೆಯ ದೂರದಲ್ಲಿ, ಕಬ್ಬಿನ ಹೊಲಗಳ ನಡುವಿನ ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಮಂಜು ಕೂತಿದೆ. ನಟ್ಟನಡುವೆ ಒಂದು ಹೊಂಡ. ಆಟಗಾರರಿಗೆ ಅಡ್ಡಿಯಾಗಲೆಂದೇ ತೋಡಿದ್ದು. ಹೊಡೆತ ತಪ್ಪಿದ ಚೆಂಡುಗಳೆಲ್ಲ ಕಡೆಗೆ ಅಲ್ಲಿಗೇ ಬಂದು ಬೀಳುತ್ತವೆ. ಅದರ ಕಪ್ಪು ನೀರಿನಲ್ಲಿ ಹಾಲಸಿದ್ದ ಅಂಬಿಗೇರ ಎದೆಮಟ್ಟ ನಿಂತಿದ್ದಾರೆ. ಬೊಗಸೆ ನೀರೆತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಉಸಿರು ತುಂಬಿಕೊಂಡು ಮುಳುಗುತ್ತಾರೆ. ನೀರು ಮತ್ತೆ ಕೂಡಿಕೊಳ್ಳುತ್ತದೆ, ಅಲ್ಲಿ ಯಾರೂ ಇರಲೇ ಇಲ್ಲವೆಂಬಂತೆ.

ದಂಡೆಯ ಮೇಲೆ ಹೆಂಡತಿ ಸೋನಾಬಾಯಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಊಟದ ಹಿತ್ತಾಳೆ ಗಂಗಾಳ ಮತ್ತು ಒಂದು ಸೌಟು ಹಿಡಿದು ಕೂತಿದ್ದಾರೆ. ಕಣ್ಣು ನೀರಿನ ಮೇಲಿದೆ.

ಹಾಲಸಿದ್ದ ತಲೆ ಎತ್ತುತ್ತಾರೆ. ಕೊರಳಿಗೆ ಕಟ್ಟಿದ ಬಲೆಚೀಲದಿಂದ ಒಂದು ಚೆಂಡು ತೆಗೆದು ತಿರುಗಿ ನೀರಿಗೇ ಎಸೆಯುತ್ತಾರೆ. "ಮೊದಲಿಂದು ಗಂಗವ್ವಂದರಿ. ಹೊಳ್ಯಾಗ ನಮ್ಮಪ್ಪ ಮೊದಲ ಸಿಕ್ಕ ಮೀನಾ ಬಿಡತಿದ್ದ. ಇಲ್ಲಿ ಮೀನಾ ಎಲ್ಲಿಂದ ತರೂದು? ಚೆಂಡ ಬಿಡತೀನಿ. ಮ್ಯಾನೇಜರಗ ಗೊತ್ತಾದ್ರ ನೀರಾಗ ಹಾಕಿದ್ದು ಯಾಕಂತ ಕೇಳತಾನ."

ತಳದ ಕೆಸರಿನಲ್ಲಿ ಕಣ್ಣು ಕೆಲಸಕ್ಕೆ ಬಾರದು. ಅಂಗಾಲಿನಿಂದ ತಡವಬೇಕು. ಕಲ್ಲಾದರೆ ಚುಚ್ಚುತ್ತದೆ, ಚೆಂಡಾದರೆ ಜಾರುತ್ತದೆ, ಒಡೆದ ಬಾಟಲಿಯಾದರೆ ಅಂಗಾಲೇ ಹೇಳುತ್ತದೆ. ಆಟ ಶುರುವಾಗುವುದರೊಳಗೆ ಮುನ್ನೂರು ಚೆಂಡು ಮೇಲೆ ಬಂದರೆ ಅದು ಒಳ್ಳೆಯ ದಿನ. ಹುಲ್ಲಿಗೆ ಹೊಡೆದ ಗೊಬ್ಬರ, ಕಳೆಯ ಔಷಧಿಯೆಲ್ಲ ಮಳೆಯಲ್ಲಿ ತೊಳೆದು ಇದೇ ಹೊಂಡಕ್ಕೆ ಇಳಿಯುತ್ತದೆ. ಅವರ ಮೈತುಂಬ ತುರಿಕೆಯ ಕಲೆಗಳಿವೆ.

ಮೇಲೆ ಬಂದ ಚೆಂಡುಗಳನ್ನು ತೊಳೆದು, ಗುಣ ನೋಡಿ ಆರಿಸುವುದು ಸೋನಾಬಾಯಿ. ಒಂದೊಂದನ್ನೂ ಕಲ್ಲಿನ ಮೇಲೆ ಬಿಟ್ಟು ಕಿವಿಗೊಡುತ್ತಾರೆ. ಗಟ್ಟಿ ಚೆಂಡು ಟಣ್ಣೆಂದು ಪುಟಿಯುತ್ತದೆ. ಬಹಳ ದಿನ ನೀರಲ್ಲಿ ನೆನೆದದ್ದು ಧಪ್ಪೆನ್ನುತ್ತದೆ. ಅದನ್ನು ಎಷ್ಟು ಜೋರಾಗಿ ಹೊಡೆದರೂ ದೂರ ಹಾರದು. ಸೀಳು ಬಿದ್ದದ್ದು ಬೇರೆ, ಸಿಪ್ಪೆ ಮೆತ್ತಗಿರುವ ತುಟ್ಟಿಯ ಚೆಂಡು ಬೇರೆ, ಸಿಪ್ಪೆ ಗಟ್ಟಿಯಿರುವ ಸಾದಾ ಚೆಂಡು ಬೇರೆ.

ಹೊತ್ತು ಏರುತ್ತಿದ್ದಂತೆ ನಿಪ್ಪಾಣಿಯ ತಂಬಾಕು ವ್ಯಾಪಾರದ ಮನೆತನದ ಅಭಿನಂದನ ಬರುತ್ತಾರೆ. ಆಟ ಕಲಿಯಲು ಶುರುಮಾಡಿ ಎರಡು ತಿಂಗಳಾಗಿದೆ.

"ಮಾವಶಿ, ಆ ಬೆಳ್ಳಗ ಮಿಂಚಾಕತ್ತಾವಲ್ಲ, ಅವನ್ನ ಕೊಡ್ರಿ. ದೊಡ್ಡ ದೊಡ್ಡ ಆಟಗಾರರು ಅವನ್ನ ಹೊಡೀತಾರಂತ."

"ಅವ್ರು ಚೆಂಡಿಗೆ ಹೊಡೀತಾರ ಶೇಠ. ನೀವು ಇನ್ನೂ ನೆಲಕ್ಕ ಹೊಡ್ಯಾಕತ್ತೀರಿ," ಎನ್ನುತ್ತಾರೆ ಸೋನಾಬಾಯಿ. ಅಭಿನಂದನ ನಗುತ್ತಾರೆ. "ಅದರ ಸಿಪ್ಪಿ ಮೆತ್ತಗ. ಕೋಲಿನ ಅಂಚ ಬಡದ್ರ ಬದನೀಕಾಯಿ ಹೆಚ್ಚಿದಂಗ ಸೀಳತೈತಿ. ಈ ಗಟ್ಟಿ ಸಿಪ್ಪೀವ ಒಯ್ರಿ. ಎಲ್ಲಾ ಒಂದ ನಮೂನಿ ಇರಲಿ. ದಿನಾ ಒಂದೊಂದು ನಮೂನಿ ಹೊಡದ್ರ ಕೈಗೆ ಯಾವ್ದೂ ಗುರ್ತ ಹತ್ತೂದಿಲ್ಲ."

"ಕಳದ್ರ?"

"ಕಳದು ಎಲ್ಲಿ ಹೋಗತಾವ? ನಮ್ಮ ಹೊಂಡಕ್ಕ ಬರತಾವ."

ಹಾಲಸಿದ್ದ ಪಕ್ಕದಲ್ಲೇ ಕೂತು ಕಾಲು ಒರೆಸಿಕೊಳ್ಳುತ್ತಿದ್ದಾರೆ. ಇಬ್ಬರೂ ನಕ್ಕದ್ದನ್ನು ನೋಡಿ ತಾವೂ ನಗುತ್ತಾರೆ, ತುಸು ತಡವಾಗಿ. ಮಾತು ಅವರಿಗೆ ಕೇಳಿಸಿಲ್ಲ.

ಮೊದಲು ಕಲ್ಲಿನ ಮೇಲೆ ಚೆಂಡು ಬಿಟ್ಟು ಸದ್ದು ಕೇಳುತ್ತಿದ್ದವರು ಅವರೇ. ರಾಯಬಾಗ ತಾಲೂಕಿನ ಕೃಷ್ಣೆಯ ದಂಡೆಯಲ್ಲಿ ಹುಟ್ಟಿದ ಜೀವ. ತಂದೆ ದೋಣಿ ನಡೆಸಿದವರು. ಸೇತುವೆ ಬಂತು, ದೋಣಿ ದಂಡೆಯ ಮೇಲೆಯೇ ಒಣಗಿ ಬಿರಿಯಿತು. ಆಮೇಲೆ ಮನೆಗೆ ಉಳಿದದ್ದು ಮುಳುಗುವ ವಿದ್ಯೆಯೊಂದೇ. ಹೊಳೆಯಲ್ಲಿ ಯಾರಾದರೂ ಮುಳುಗಿ ಹೋದರೆ ಪೊಲೀಸರು ಇವರ ಬಾಗಿಲು ಬಡಿಯುತ್ತಿದ್ದರು. ಕಾಲು ಜಾರಿದವರು, ತಾವಾಗಿಯೇ ಹಾರಿದವರು, ಮಹಾಪೂರದಲ್ಲಿ ಎಮ್ಮೆ ಬಿಡಿಸಲು ಹೋಗಿ ಎಮ್ಮೆಯ ಜೊತೆಗೇ ಹೋದವರು. ತಳಕ್ಕಿಳಿದು, ಹೆಣ ಹುಡುಕಿ, ಅದರ ಸೊಂಟಕ್ಕೆ ಹಗ್ಗ ಕಟ್ಟಿ, ದೋಣಿಯವರಿಗೆ ಸನ್ನೆ ಮಾಡುವುದು ಇವರ ಕೆಲಸ. ಹಗ್ಗ ಕಟ್ಟುವ ಮೊದಲು ಆ ಜೀವದ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದರಂತೆ, ನೀರಿನೊಳಗೇ. ಯಾವ ಜಾತಿಯವರು, ಎಂಥವರು ಎಂದು ಕೇಳಿದವರಲ್ಲ. ಹೊಳೆಯೂ ಕೇಳುವುದಿಲ್ಲವಲ್ಲ.

ಮೈದಾನದ ಹೊಂಡಕ್ಕೆ ಬಂದು ಹತ್ತು ವರ್ಷ ಮೇಲಾಯಿತು. ಇಲ್ಲಿ ಹೆಣವಿಲ್ಲ, ಬರೀ ಚೆಂಡು ಎಂದು ಸಮಾಧಾನಪಟ್ಟೇ ಬಂದಿದ್ದರು. ಆದರೆ ಆ ನೀರು ಕಿವಿಗೆ ಹೊಕ್ಕಿತು. ಮೊದಲು ಎಡಗಿವಿ ಸೋರಿ ಸೋರಿ ಮೌನವಾಯಿತು. ಆಮೇಲೆ ಬಲಗಿವಿ ಸೋರಲು ಹತ್ತಿತು. ಅದನ್ನು ಅವರು ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ನೀರಿಗಿಳಿಯಲು ಬಿಡುವುದಿಲ್ಲವೆಂದು.

ಸೋನಾಬಾಯಿಯ ಗಂಗಾಳ ಸುಮ್ಮನೆ ಇರುವುದಲ್ಲ. ಹುಲ್ಲಿಗೆ ನೀರು ಹಾಯಿಸುವ ಪಂಪಿನ ಕೊಳವೆ ಇದೇ ಹೊಂಡದಲ್ಲಿದೆ. ಪಂಪ್ ಚಾಲೂ ಆಗುವ ಮೊದಲು ಅವರು ಗಂಗಾಳವನ್ನು ಅರ್ಧ ನೀರಿಗೆ ಮುಳುಗಿಸಿ ಬಾರಿಸುತ್ತಾರೆ. ಸದ್ದು ತಳದವರೆಗೂ ಹೋಗುತ್ತದೆ. ಗಂಡ ಮೇಲೆ ಬರಬೇಕು, ಆಮೇಲೆ ಪಂಪ್. ಎಷ್ಟೋ ವರ್ಷ ಇದು ತಪ್ಪಿದ್ದಿಲ್ಲ.

ಕಳೆದ ದಸರೆಯ ಮರುದಿನ ತಪ್ಪಿತು. ಸೋನಾಬಾಯಿ ಬಾರಿಸಿದರು. ಆ ಸದ್ದನ್ನೇ ಎಲ್ಲ ಸರಿಯಿದೆ ಎಂಬ ಸೂಚನೆಯೆಂದು ತಿಳಿದು, ಪಂಪ್ ನೋಡಿಕೊಳ್ಳುವ ಬಾಳಾಸಾಬ ಗುಂಡಿ ಒತ್ತಿದರು. ತಳದಲ್ಲಿದ್ದವರಿಗೆ ಅದು ಮುಟ್ಟಲೇ ಇಲ್ಲ. ಕೊಳವೆಯ ಬಾಯಿಗೆ ಕಟ್ಟಿದ ತಂತಿಯ ಜಾಳಿಗೆ ಹರಿದಿತ್ತು. ಕೊಳವೆ ಅವರ ಬಲಗಾಲನ್ನು ಒಳಗೆ ಎಳೆದುಕೊಂಡಿತು.

"ನಾ ಬಾರಿಸಿದೆ, ಬಾರಿಸಿದೆ. ಇವ್ರು ಏಳವಲ್ರು," ಎನ್ನುತ್ತಾರೆ ಸೋನಾಬಾಯಿ. "ಹಟ ಮಾಡಾಕತ್ತಾರ, ಇನ್ನೊಂದು ಚೆಂಡ ಸಿಕ್ಕಿರಬೇಕು ಅಂತ ಮೊದಲ ಸಿಟ್ಟ ಬಂತ್ರಿ. ಆಮ್ಯಾಲ ಗುಳ್ಳಿ ಬಂದ್ವು. ಓಡಿ ಹೋಗಿ ಬಾಳಾಸಾಬನ ದೂಡಿ ನಾನ ಬಂದ್ ಮಾಡಿದೆ."

ಜೀವ ಉಳಿಯಿತು. ಎರಡು ಬೆರಳು ಉಳಿಯಲಿಲ್ಲ.

ಚಿಕ್ಕೋಡಿಯ ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿಸಿ ಕಿವಿಯನ್ನೂ ನೋಡಿದರು. ಎಡಗಿವಿಯ ಪರದೆ ಹೋಗಿದೆ, ಬಲಗಿವಿಯಲ್ಲಿ ತೂತಿದೆ, ಇನ್ನು ನೀರಿಗಿಳಿದರೆ ಅದೂ ಪೂರ್ತಿ ಹೋಗುತ್ತದೆ ಎಂದರು. ದಂಪತಿ ಮೈದಾನದ ಕಚೇರಿಗೆ ಹೋಗಿ ಒಣ ಕೆಲಸ ಕೇಳಿದರು. ಚೆಂಡು ತರುವವನಿದ್ದರೆ ಮಾತ್ರ ಆರಿಸುವವಳು, ಇಲ್ಲದಿದ್ದರೆ ಬಲೆ ಎಳೆಯುವ ಯಂತ್ರದವರಿಗೇ ಕೊಡುತ್ತೇವೆ ಎಂಬ ಉತ್ತರ ಬಂತು.

"ಯಂತ್ರ ಬಂದ್ರ ಇಬ್ರೂ ಹೊರಗರಿ," ಎನ್ನುತ್ತಾರೆ ಹಾಲಸಿದ್ದ. ಕಿವುಡಿನಿಂದಾಗಿ ಮಾತು ಈಗ ಜೋರಾಗಿದೆ. "ಈಕಿ ಬಾಜೂಕ ಕುಂತು ಚೆಂಡ ಆರಸಬೇಕು, ಮೈ ಒಣಗಿರಬೇಕು, ಅಷ್ಟ ಆಸೆ ಇತ್ತು. ಆಗಲಿಲ್ಲ. ಕಾಲಿನ ಗಾಯ ಮಾದ ಮ್ಯಾಲ ಮತ್ತ ಇಳದೆ."

ಇಳಿಯುವ ಮುನ್ನ ಮನೆಯಲ್ಲಿ ಜಗಳವಾಯಿತು. ಸೋನಾಬಾಯಿ ನಿಪ್ಪಾಣಿಯ ಸಂತೆಯಿಂದ ಒಂದು ನೈಲಾನ್ ಹಗ್ಗ ತಂದಿದ್ದರು. ಸೊಂಟಕ್ಕೆ ಕಟ್ಟಿಕೊಳ್ಳಿ, ಪಂಪಿನ ಹೊತ್ತಾದರೆ ಜಗ್ಗುತ್ತೇನೆ ಎಂದರು. ಹಾಲಸಿದ್ದ ಅದನ್ನು ಮುಟ್ಟಲೂ ಇಲ್ಲ. ಅವರ ಕುಲದಲ್ಲಿ ನೀರಿನೊಳಗೆ ಸೊಂಟಕ್ಕೆ ಹಗ್ಗ ಬೀಳುವುದು ಸತ್ತವರಿಗೆ ಮಾತ್ರ.

"ಹೆಣಕ್ಕ ಕಟ್ಟೂದ ತಂದು ನನಗ ಕಟ್ಟತಿ ಏನ ಬೇ? ಜೀವ ಇದ್ದಾಂವಗ ಯಾರರ ಕಟ್ಟತಾರ?"

"ಗಂಗಾಳ ಕೇಳೂದಿಲ್ಲ, ಹಗ್ಗ ಬ್ಯಾಡ. ಹಂಗಾರ ನಾ ದಂಡ್ಯಾಗ ಯಾಕ ಕುಂದರ್ಲಿ, ಅಳಾಕ?"

ನಾನು ಮೊದಲ ಸಲ ಭೇಟಿಗೆ ಹೋದ ಆ ಮಂಜಿನ ಬೆಳಿಗ್ಗೆ ಹಗ್ಗ ಬುಟ್ಟಿಯಲ್ಲಿ ಸುತ್ತಿಟ್ಟಂತೆಯೇ ಇತ್ತು. ಸೋನಾಬಾಯಿ ಗಂಗಾಳ ಹಿಡಿದು ಕೂತಿದ್ದರು, ಅದು ಕೇಳುವುದಿಲ್ಲವೆಂದು ಗೊತ್ತಿದ್ದೂ. ಪಂಪಿನವರಿಗೆ ಈಗ ಅವರು ಕೈಯೆತ್ತಿ ತೋರಿಸುವವರೆಗೆ ಕಾಯಲು ಹೇಳಿದೆ. ಆದರೆ ಮರೆಯುವುದು ಮನುಷ್ಯನ ಗುಣ. ಜಾಳಿಗೆ ಇನ್ನೂ ಹರಿದೇ ಇದೆ.

ಎಳ್ಳಮವಾಸ್ಯೆ ಕಳೆದ ಮೇಲೆ ಮತ್ತೊಮ್ಮೆ ಅಲ್ಲಿಗೆ ಹೋಗುವ ಹೊತ್ತಿಗೆ ಸಂಗತಿ ಬದಲಾಗಿದೆ. ನಡುವೆ ಒಂದು ಮುಂಜಾನೆ ಸೋನಾಬಾಯಿ ದಂಡೆಗೆ ಬರಲೇ ಇಲ್ಲ. ದಂಡೆಯಲ್ಲಿ ತನ್ನವರೊಬ್ಬರು ಇಲ್ಲದೆ ಅಂಬಿಗ ನೀರಿಗಿಳಿಯುವಂತಿಲ್ಲ. ಅದೂ ಕುಲದ ಕಟ್ಟಳೆಯೇ. ಹಾಲಸಿದ್ದ ಬಿಸಿಲೇರುವ ತನಕ ಹೊಂಡದ ಎದುರು ಕೂತು, ಮೈ ನೆನೆಸದೆ ಮನೆಗೆ ಬಂದರು. ಮರುದಿನ ಆಕೆ ತಾನಾಗಿ ಬಂದು, ಹಗ್ಗದ ಒಂದು ತುದಿಯನ್ನು ತನ್ನ ನಡುವಿಗೆ ಬಿಗಿದು ಗಂಟು ಹಾಕಿಕೊಂಡರು. ಇನ್ನೊಂದು ತುದಿಯನ್ನು ಗಂಡನ ಮುಂದೆ ಹಿಡಿದರು.

"ಹೆಣ ತರಾಕ ಹೋದಾಗ ಈ ಕಡಿ ತುದಿ ಎಲ್ಲಿ ಕಟ್ಟತಿದ್ರಿ?" ಎಂದು ಅವರ ಬಲಗಿವಿಗೆ ಬಾಯಿ ಹಚ್ಚಿ ಕೇಳಿದರು.

"ದೋಣೀಗೆ."

"ಇದು ದೋಣಿ ಅಲ್ಲ."

ಹಾಲಸಿದ್ದ ಕೈ ಮೇಲೆತ್ತಿ, ಕಟ್ಟಿಸಿಕೊಂಡರಂತೆ.

ಇವತ್ತು ಬೆಳಗಿನ ಚಳಿಗೆ ಹೊಂಡ ಹೊಗೆಯಾಡುತ್ತಿದೆ. ಹಗ್ಗ ನೀರಿನ ಮೇಲೆ ಅಲುಗುತ್ತ ಒಳಗೆ ಇಳಿಯುತ್ತದೆ. ಬಲಗಿವಿಯಲ್ಲೂ ಈಗ ಸದ್ದು ನಿಂತಿದೆ ಎಂದು ಸೋನಾಬಾಯಿ ಹೇಳುತ್ತಾರೆ, ನೀರಿನಿಂದ ಕಣ್ಣು ತೆಗೆಯದೆ. ಪಂಪಿನ ಮನೆಯ ಬಾಗಿಲು ತೆರೆಯುತ್ತದೆ. ಆಕೆ ಎರಡು ಸಲ ಜಗ್ಗುತ್ತಾರೆ. ತಳದಿಂದ ಹಗ್ಗ ಬಿಗಿಯುತ್ತದೆ. ಹಾಲಸಿದ್ದ ಮೇಲೆ ಬರುತ್ತಾರೆ, ಕೆಮ್ಮುತ್ತಾರೆ, ದಂಡೆಗೆ ತೆವಳುತ್ತಾರೆ. ಹಗ್ಗದ ಬಗ್ಗೆ ಸನ್ನೆಯಲ್ಲೇ ಕೇಳಿದರೆ ಮುಖ ಒರೆಸಿಕೊಂಡು ಉತ್ತರಿಸುತ್ತಾರೆ.

"ಹೊಳ್ಯಾಗ ಎಷ್ಟೋ ಮಂದೀಗೆ ಹಗ್ಗ ಕಟ್ಟೀನ್ರಿ. ಒಬ್ರೂ ತಿರಗಿ ಜಗ್ಗಲಿಲ್ಲ. ಈಕಿ ಜಗ್ಗಿದ್ಲಂದ್ರ ನಾ ತಿರಗಿ ಜಗ್ಗತೀನಿ."